ಅಂಟಿಸಲು ತಕ್ಕ ನುಣುಪು ಅಂಚು ಬೇಕಿದ್ದರೆ ಟೇಬಲ್ ಸಾಗೆ ಯಾವ ಬ್ಲೇಡ್?

ನೀವು ಕೇಳಿರುವುದು ಇಷ್ಟು: ಹೊಸದಾಗಿ 10 ಇಂಚಿನ ಟೇಬಲ್ ಸಾ, ಅಂದರೆ ಮೇಜಿನ ನಡುವಿಂದ ಗುಂಡು ಬ್ಲೇಡ್ ಮೇಲೆದ್ದಿರುವ ಮರ ಕೊಯ್ಯುವ ಮಿಷನ್, ತಂದಿದ್ದೀರಿ. ತೇಗದ ಹಲಗೆಗಳನ್ನು ಉದ್ದಕ್ಕೆ ಸೀಳಿ, ಅಂಚಿಗೆ ಅಂಚು ಅಂಟಿಸಿ ಊಟದ ಮೇಜಿನ ಮೇಲ್ಭಾಗ ಮಾಡಬೇಕು. ಮಿಷನ್ ಜೊತೆ ಬಂದ 40 ಹಲ್ಲಿನ ಬ್ಲೇಡಿನಲ್ಲಿ ಅಂಚು ಸುಡುತ್ತಿದೆ, ಗೆರೆ ಬೀಳುತ್ತಿದೆ. 80 ಹಲ್ಲಿನದು ತಂದರೆ ಹತ್ತರಿ (ಮರ ಹೆರೆದು ನುಣುಪು ಮಾಡುವ ಉಪಕರಣ) ಹೊಡೆಯದೆ ನೇರವಾಗಿ ಅಂಟಿಸಬಹುದಾ ಅಂತ.

80 ಹಲ್ಲಿನದು ತರಬೇಡಿ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಅದೇ ತಪ್ಪನ್ನು ನಾನು ಮಾಡಿದ್ದೇನೆ.

ಆಗ ನನ್ನ ಲೆಕ್ಕವೂ ನಿಮ್ಮ ಹಾಗೇ ಇತ್ತು. ಹಲ್ಲು ಜಾಸ್ತಿ ಆದಷ್ಟೂ ನುಣುಪು ಜಾಸ್ತಿ. ಅಕ್ಕನ ಮನೆಗೆ ಹಲಸಿನ ಮರದ ಮೇಜು ಮಾಡುತ್ತಿದ್ದೆ. 80 ಹಲ್ಲಿನ ಬ್ಲೇಡ್ ಹಾಕಿ ಐದು ಹಲಗೆ ಸೀಳಿದೆ. ಅಂಚು ಕೈಗೆ ಗಾಜಿನ ಹಾಗೆ ನುಣುಪಾಗಿತ್ತು, ಅಲ್ಲಲ್ಲಿ ಸ್ವಲ್ಪ ಕಂದು ಬಣ್ಣ. ಕಂದು ಆದರೇನು, ಒಳಗೆ ಹೋಗುತ್ತದಲ್ಲ ಅಂತ ಅಂಟು ಹಾಕಿ ಬಿಗಿದೆ. ಮುಂದಿನ ಬೇಸಿಗೆಯಲ್ಲಿ ಒಂದು ಬೆಸುಗೆ ಒಂದು ಗೇಣಿನಷ್ಟು ಬಾಯಿ ಬಿಟ್ಟಿತು. ಬಿಚ್ಚಿ ನೋಡಿದರೆ ಒಂದು ಕಡೆ ಅಂಟು ಮರದೊಳಗೆ ಚೆನ್ನಾಗಿ ಇಳಿದಿತ್ತು. ಇನ್ನೊಂದು ಕಡೆ, ಸುಟ್ಟ ಜಾಗದಲ್ಲಿ, ಅಂಟು ಹಾಲಿನ ಕೆನೆಯ ಹಾಗೆ ಪದರವಾಗಿ ಎದ್ದು ಬಂತು. ಉಗುರಿನಲ್ಲಿ ಎಳೆದರೆ ಸಾಕು, ಬರುತ್ತಿತ್ತು. ಮರವನ್ನು ಅದು ಹಿಡಿದೇ ಇರಲಿಲ್ಲ. ನುಣುಪು ಬೇರೆ, ಅಂಟು ಹಿಡಿಯುವ ಅಂಚು ಬೇರೆ ಅಂತ ಅವತ್ತು ಗೊತ್ತಾಯಿತು.

ಹೀಗೆ ಏಕೆ ಆಗುತ್ತದೆ ಅಂತ ತಿಳಿದುಕೊಂಡರೆ ಬ್ಲೇಡ್ ಆರಿಸುವುದು ಸುಲಭ. ನಿಮ್ಮ ಮಿಷನ್ ನಿಮಿಷಕ್ಕೆ 4000 ಸುತ್ತು ತಿರುಗುತ್ತದೆ ಅಂತ ಇಟ್ಟುಕೊಳ್ಳಿ. ನೀವು ಹಲಗೆಯನ್ನು ನಿಮಿಷಕ್ಕೆ 5 ಮೀಟರ್ ವೇಗದಲ್ಲಿ ತಳ್ಳುತ್ತಿದ್ದೀರಿ. 24 ಹಲ್ಲು ಇದ್ದರೆ ನಿಮಿಷಕ್ಕೆ 96,000 ಸಲ ಹಲ್ಲು ಮರಕ್ಕೆ ತಾಗುತ್ತದೆ. ಒಂದೊಂದು ಹಲ್ಲಿನ ಪಾಲಿಗೆ ಸುಮಾರು 0.05 ಮಿಲಿಮೀಟರ್ ಮರ ಬರುತ್ತದೆ. 80 ಹಲ್ಲಾದರೆ 3,20,000 ಸಲ. ಒಂದು ಹಲ್ಲಿಗೆ 0.016 ಮಿಲಿಮೀಟರ್ ಕೂಡ ಸಿಗುವುದಿಲ್ಲ. ಅಷ್ಟು ತೆಳುವಾದದ್ದನ್ನು ಹಲ್ಲು ಕಡಿಯುವುದಿಲ್ಲ, ಉಜ್ಜುತ್ತದೆ. ಉಜ್ಜಿದರೆ ಬಿಸಿ, ಬಿಸಿಯಾದರೆ ಸುಡುತ್ತದೆ.

ಇನ್ನೊಂದು ವಿಷಯ ಹೊಟ್ಟು. ಮರದ ಎಳೆಯ ಉದ್ದಕ್ಕೆ ಸೀಳುವಾಗ ಬರುವ ಹೊಟ್ಟು ಅಡ್ಡ ಕೊಯ್ಯುವಾಗಿನ ಪುಡಿಯ ಹಾಗಲ್ಲ, ಸ್ವಲ್ಪ ಉದ್ದುದ್ದ ಇರುತ್ತದೆ. ಅದನ್ನು ಹೊತ್ತು ಹೊರಗೆ ಹಾಕಲು ಎರಡು ಹಲ್ಲುಗಳ ನಡುವೆ ದೊಡ್ಡ ಗುಳಿ ಬೇಕು. 80 ಹಲ್ಲಿನಲ್ಲಿ ಗುಳಿ ತೀರಾ ಚಿಕ್ಕದು. ಹೊಟ್ಟು ಅಲ್ಲೇ ತುಂಬಿಕೊಂಡು ಅಂಚಿಗೆ ಒತ್ತಿ ಉಜ್ಜುತ್ತದೆ. 80 ಹಲ್ಲಿನ ಬ್ಲೇಡ್ ಕೆಟ್ಟದ್ದಲ್ಲ. ಪ್ಲೈವುಡ್‌ಗೆ, ಅಡ್ಡ ಕಟ್‌ಗೆ ಅದು ತುಂಬಾ ಚೆನ್ನಾಗಿದೆ. ಸೀಳುವ ಕೆಲಸ ಮಾತ್ರ ಅದರದ್ದಲ್ಲ.

ಹಾಗಾದರೆ ಯಾವುದು? ಅಂಗಡಿಯಲ್ಲಿ ಬರೀ ಹಲ್ಲಿನ ಲೆಕ್ಕ ಕೇಳಬೇಡಿ, ಹಲ್ಲಿನ ಆಕಾರ ನೋಡಿ. ಬ್ಲೇಡನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತುದಿಯಿಂದ ನೋಡಿದರೆ ಕಾಣುತ್ತದೆ. ಎಲ್ಲಾ ಹಲ್ಲಿನ ತಲೆಯೂ ಉಳಿಯ ಹಾಗೆ ಚಪ್ಪಟೆಯಾಗಿದ್ದರೆ ಅದು ಎಫ್‌ಟಿಜಿ, ಅಂದರೆ ಫ್ಲಾಟ್ ಟಾಪ್. ಸೀಳುವುದಕ್ಕೇ ಮಾಡಿದ್ದು, ಸಾಮಾನ್ಯವಾಗಿ 24 ಹಲ್ಲು ಇರುತ್ತದೆ. ಹಲ್ಲು ಮುಂದಕ್ಕೆ ಬಾಗಿರುವುದೂ ಜಾಸ್ತಿ, 20 ಡಿಗ್ರಿ ಆಸುಪಾಸು. ಮರವನ್ನು ಎಳೆದುಕೊಳ್ಳುವ ಹಾಗೆ ಕಡಿಯುತ್ತದೆ. ಒಂದು ಹಲ್ಲು ಎಡಕ್ಕೆ ಇಳಿಜಾರು, ಮುಂದಿನದು ಬಲಕ್ಕೆ ಇಳಿಜಾರು ಇದ್ದರೆ ಅದು ಎಟಿಬಿ. ನಿಮ್ಮ 40 ಹಲ್ಲಿನದು ಹೆಚ್ಚುಕಡಿಮೆ ಇದೇ ಇರುತ್ತದೆ. ಎಲ್ಲಾ ಕೆಲಸಕ್ಕೂ ಆಗುತ್ತದೆ, ಯಾವುದಕ್ಕೂ ತೀರಾ ಪಕ್ಕಾ ಅಲ್ಲ. ಮೂರನೆಯದು ಟಿಸಿಜಿ. ಇದರಲ್ಲಿ ಒಂದು ಹಲ್ಲಿನ ಎರಡೂ ಮೂಲೆ ಕತ್ತರಿಸಿ ಸ್ವಲ್ಪ ಎತ್ತರಕ್ಕೆ ಇಟ್ಟಿರುತ್ತಾರೆ. ಅದು ಮೊದಲು ನಡುವೆ ದಾರಿ ಮಾಡುತ್ತದೆ. ಹಿಂದೆ ಬರುವ ಚಪ್ಪಟೆ ಹಲ್ಲು ಎರಡೂ ಪಕ್ಕವನ್ನು ಸವರಿಕೊಂಡು ಹೋಗುತ್ತದೆ.

ಅಂಟಿಸುವ ಅಂಚಿಗೆಂದೇ ‘ಗ್ಲೂ ಲೈನ್ ರಿಪ್’ ಅನ್ನುವ ಬ್ಲೇಡುಗಳಿವೆ. ಫ್ರಾಯ್ಡ್ ಕಂಪನಿಯ 10 ಇಂಚಿನದರಲ್ಲಿ 30 ಹಲ್ಲು, ಟಿಸಿಜಿ ಆಕಾರ. ಇದರ ಗುಟ್ಟು ಇರುವುದು ಪಕ್ಕದಲ್ಲಿ. ಮಾಮೂಲಿ ಬ್ಲೇಡಿನಲ್ಲಿ ಹಲ್ಲು ತಟ್ಟೆಗಿಂತ ಎರಡೂ ಕಡೆ ಸ್ವಲ್ಪ ಜಾಸ್ತಿ ಚಾಚಿಕೊಂಡಿರುತ್ತದೆ. ಚಾಚಿದ ಆ ಮೂಲೆಗಳೇ ಅಂಚಿನ ಮೇಲೆ ಬಿಲ್ಲಿನ ಆಕಾರದ ಗೆರೆ ಎಳೆಯುವುದು. ಗ್ಲೂ ಲೈನ್ ಬ್ಲೇಡಿನಲ್ಲಿ ಆ ಚಾಚು ತುಂಬಾ ಕಡಿಮೆ, ಅದಕ್ಕೇ ಗೆರೆ ಕಾಣುವುದೇ ಇಲ್ಲ ಅನ್ನುವಷ್ಟು ಸಣ್ಣದಾಗುತ್ತದೆ. ಆದರೆ ಇದೇ ಕಾರಣಕ್ಕೆ ಅದಕ್ಕೆ ದಪ್ಪ ಮರ ಆಗುವುದಿಲ್ಲ. ಒಂದು ಇಂಚಿನವರೆಗಿನ ಹಲಗೆಗೆ ಸೊಗಸು. ಎರಡು ಇಂಚಿನ ತೇಗ ಕೊಟ್ಟರೆ ಉಸಿರಾಡಲು ಜಾಗವಿಲ್ಲದೆ ಸುಡುತ್ತದೆ.

ನಿಮ್ಮ ಮೇಜಿನ ಹಲಗೆ ಒಂದು ಇಂಚಿನ ಒಳಗಿದ್ದರೆ, ಇಂಥ ಕೆಲಸ ಮತ್ತೆ ಮತ್ತೆ ಮಾಡುವವರಾದರೆ, 30 ಹಲ್ಲಿನ ಗ್ಲೂ ಲೈನ್ ಬ್ಲೇಡ್ ತೆಗೆದುಕೊಳ್ಳಿ. ಒಂದೂವರೆ, ಎರಡು ಇಂಚು ಇದ್ದರೆ ಒಳ್ಳೆಯ 24 ಹಲ್ಲಿನ ಫ್ಲಾಟ್ ಟಾಪ್ ಸಾಕು. ಅದರ ಮೇಲೆ ಹತ್ತರಿಯಲ್ಲಿ ಎರಡು ಎಳೆತ ಎಳೆದುಬಿಡಿ. ನನ್ನ ಮಿಷನ್ ಮೇಲೆ ವರ್ಷದ ಮುಕ್ಕಾಲು ಪಾಲು ಇರುವುದು 24 ಹಲ್ಲಿನದೇ. ಅಂಚಿನಲ್ಲಿ ಕಣ್ಣಿಗೆ ಕಾಣುವ ಸಣ್ಣ ಗೆರೆ ಇದ್ದರೆ ಅಂಟಿಗೆ ತೊಂದರೆ ಇಲ್ಲ. ಉಗುರು ಆಡಿಸಿದಾಗ ಟಕಟಕ ಅಂತ ತಡೆದರೆ ಮಾತ್ರ ಅದು ಬೆಸುಗೆಯಲ್ಲಿ ಕಾಣುತ್ತದೆ.

ಕೊಳ್ಳುವ ಮುಂಚೆ ಮೂರು ಅಳತೆ ಬರೆದುಕೊಂಡು ಹೋಗಿ. ಮೊದಲು ನಡುವಿನ ತೂತು. ನಮ್ಮಲ್ಲಿ ಸಿಗುವ ಮಿಷನ್‌ಗಳಲ್ಲಿ 30 ಮಿಲಿಮೀಟರ್, 25.4 ಮಿಲಿಮೀಟರ್, ಐದೆಂಟಾಂಶ ಇಂಚು ಅಂದರೆ 15.88 ಮಿಲಿಮೀಟರ್, ಎಲ್ಲವೂ ಇವೆ. ಅಮೆರಿಕದಿಂದ ಯಾರಾದರೂ ತಂದುಕೊಟ್ಟ ಬ್ಲೇಡ್ ಸಾಮಾನ್ಯವಾಗಿ ಐದೆಂಟಾಂಶದ್ದೇ. ತೂತು ದೊಡ್ಡದಿದ್ದರೆ ಉಂಗುರ ಹಾಕಿ ಸರಿ ಮಾಡಬಹುದು. ಚಿಕ್ಕದಿದ್ದರೆ ಬ್ಲೇಡ್ ಸಾಣೆ ಹಿಡಿಯುವ ಅಂಗಡಿಯಲ್ಲಿ ಸರಿಯಾದ ಮಿಷನ್ ಮೇಲೆ ಕೊರೆಸಬೇಕು. ಮನೆಯಲ್ಲಿ ಅರ ಹಾಕಿ ಅಗಲ ಮಾಡಲು ಹೋಗಬೇಡಿ. ಕೂದಲೆಳೆಯಷ್ಟು ನಡು ತಪ್ಪಿದರೂ ಎಲ್ಲಾ ಹಲ್ಲೂ ಸಮನಾಗಿ ಕೆಲಸ ಮಾಡುವುದಿಲ್ಲ.

ಎರಡನೆಯದು ರೈವಿಂಗ್ ನೈಫ್, ಅಂದರೆ ಬ್ಲೇಡಿನ ಹಿಂದೆಯೇ ನಿಂತಿರುವ ಲೋಹದ ಪಟ್ಟಿ, ಅದರ ದಪ್ಪ. ಅದರ ಮೇಲೇ ಬರೆದಿರುತ್ತಾರೆ. ಬ್ಲೇಡಿನ ಹಲ್ಲು ಅದಕ್ಕಿಂತ ಅಗಲ ಇರಬೇಕು, ತಟ್ಟೆ ಅದಕ್ಕಿಂತ ತೆಳು ಇರಬೇಕು. ಹಲ್ಲೇ ತೆಳುವಾದರೆ ಮರ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಕೆಲವರು ನೈಫ್ ತೆಗೆದು ಪಕ್ಕಕ್ಕಿಟ್ಟು ಸೀಳುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ. ತೇಗ ಸೀಳುವಾಗ ಒಳಗಿನ ಬಿಗಿ ಬಿಟ್ಟು ಹಲಗೆ ಬ್ಲೇಡನ್ನು ಹಿಂದಿನಿಂದ ಒತ್ತಿ ಹಿಡಿದರೆ, ಅದು ನಿಮ್ಮ ಹೊಟ್ಟೆಯ ಕಡೆಗೇ ಹಾರಿ ಬರುತ್ತದೆ. ಅದನ್ನು ತಡೆಯುವುದೇ ಆ ನೈಫ್. ಸೀಳುವಾಗ ಹಲಗೆಯ ನೇರಕ್ಕೆ ನಿಲ್ಲದೆ ಒಂದು ಪಕ್ಕಕ್ಕೆ ನಿಲ್ಲಿ.

ಮೂರನೆಯದು ಬ್ಲೇಡಿನ ಮೇಲೆ ಬರೆದ ಗರಿಷ್ಠ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದು. ಅದು ನಿಮ್ಮ ಮಿಷನ್ ವೇಗಕ್ಕಿಂತ ಜಾಸ್ತಿಯೇ ಇರಬೇಕು.

ದಪ್ಪ ಬ್ಲೇಡಾ ತೆಳು ಬ್ಲೇಡಾ ಅನ್ನುವುದು ಮೋಟರ್ ಮೇಲೆ. ಮನೆಯ ಪ್ಲಗ್ಗಿಗೆ ಹಾಕುವ 1500–1800 ವ್ಯಾಟಿನ ಮಿಷನ್‌ಗೆ 2.4 ಮಿಲಿಮೀಟರ್ ಆಸುಪಾಸಿನ ತೆಳು ಹಲ್ಲಿನದು ಹಗುರ. 3 ಎಚ್‌ಪಿ ಇದ್ದರೆ 3.2 ಮಿಲಿಮೀಟರಿನದು ಹಾಕಿ, ಅದು ಅಲುಗಾಡುವುದು ಕಡಿಮೆ.

ಈಗ ಒಂದು ಮಾತು ಕೇಳಿ. ದುಡ್ಡು ಕೊಡುವ ಮುಂಚೆ ಈಗಿರುವ ಬ್ಲೇಡನ್ನೇ ಒಂದು ಸಲ ತೊಳೆದು ನೋಡಿ. ತೇಗದ ಎಣ್ಣೆ, ಅಂಟು ಹಲ್ಲಿನ ಪಕ್ಕಕ್ಕೆ ಕಪ್ಪಗೆ ಕೂತಿರುತ್ತದೆ. ಎಷ್ಟೋ ಸಲ ಸುಡುವುದು ಅದರಿಂದಲೇ. ಪ್ಲಗ್ ಕಿತ್ತು, ಬ್ಲೇಡ್ ಬಿಚ್ಚಿ, ಅಗಲವಾದ ತಟ್ಟೆಯಲ್ಲಿ ಬಿಸಿ ನೀರು, ಪಾತ್ರೆ ತೊಳೆಯುವ ಸೋಪು ಹಾಕಿ ಅರ್ಧ ಗಂಟೆ ನೆನೆಸಿ. ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಂದೊಂದೇ ಹಲ್ಲು ತಿಕ್ಕಿ, ಒರೆಸಿ, ಪೂರ್ತಿ ಒಣಗಿಸಿ.

ಆಮೇಲೆ ಫೆನ್ಸ್, ಅಂದರೆ ಹಲಗೆಯನ್ನು ತಾಗಿಸಿಕೊಂಡು ತಳ್ಳುವ ಪಕ್ಕದ ನೇರ ಪಟ್ಟಿ. ಬ್ಲೇಡಿನ ಒಂದು ಹಲ್ಲಿಗೆ ಪೆನ್ನಿನಲ್ಲಿ ಗುರುತು ಹಾಕಿ. ಅದು ಮುಂದೆ ಇರುವಾಗ ಮಿಷನ್ ಮೇಜಿನ ಮೇಲಿನ ಸಾಲಿಗೆ, ಅಂದರೆ ಅಡ್ಡ ಕಟ್‌ಗೆ ಮರವನ್ನು ತಳ್ಳುವ ಮೈಟರ್ ಗೇಜ್ ಓಡುವ ಗಾಡಿಗೆ, ಎಷ್ಟು ದೂರ ಅಂತ ಅಳೆಯಿರಿ. ಕೈಯಲ್ಲಿ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ಅಳೆಯಿರಿ. ಎರಡಕ್ಕೂ 0.1 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಫೆನ್ಸನ್ನೂ ಅದೇ ಸಾಲಿಗೆ ಸಮನಾಗಿ ಕೂರಿಸಿ. ಫೆನ್ಸಿನ ಹಿಂಭಾಗ ಬ್ಲೇಡಿನ ಕಡೆಗೆ ವಾಲಿದ್ದರೆ ಎಷ್ಟು ದುಬಾರಿ ಬ್ಲೇಡ್ ಹಾಕಿದರೂ ಸುಡುತ್ತದೆ. ಒಬ್ಬರ ಮಿಷನ್ನಿನಲ್ಲಿ ನಾನು ಬ್ಲೇಡ್ ಮುಟ್ಟಲೇ ಇಲ್ಲ, ಫೆನ್ಸಿನ ಎರಡು ಬೋಲ್ಟ್ ಸಡಿಲಿಸಿ ಸರಿ ಮಾಡಿದೆ ಅಷ್ಟೇ. ಕಪ್ಪು ಕಲೆ ಅಲ್ಲಿಗೇ ನಿಂತಿತು.

ಹಲಗೆಯ ಒಂದು ಅಂಚಾದರೂ ಮೊದಲೇ ನೆಟ್ಟಗಿರಬೇಕು. ಡೊಂಕು ಅಂಚನ್ನು ಫೆನ್ಸಿಗೆ ಒತ್ತಿದರೆ ಇನ್ನೊಂದು ಅಂಚೂ ಡೊಂಕಾಗಿಯೇ ಬರುತ್ತದೆ. ಜಾಯಿಂಟರ್ (ಅಂಚು ನೇರ ಮಾಡುವ ಮಿಷನ್) ಇಲ್ಲದಿದ್ದರೆ ನೇರವಾದ ಪ್ಲೈವುಡ್ ಪಟ್ಟಿಯ ಮೇಲೆ ಹಲಗೆಯನ್ನು ಅಲುಗದ ಹಾಗೆ ಬಿಗಿದು, ಪಟ್ಟಿಯನ್ನು ಫೆನ್ಸಿಗೆ ತಾಗಿಸಿ ಒಂದು ಸಲ ಸೀಳಿ. ನೇರ ಅಂಚು ಸಿಕ್ಕಿತು. ಇನ್ನೊಂದು ಅಂಚನ್ನು ಬೇಕಾದ ಅಗಲಕ್ಕಿಂತ ನಾಲ್ಕೈದು ಮಿಲಿಮೀಟರ್ ಜಾಸ್ತಿ ಇಟ್ಟು ಸೀಳಿ, ಮರ ಬಾಗುವುದಿದ್ದರೆ ಬಾಗಲಿ ಅಂತ ಒಂದು ರಾತ್ರಿ ಬಿಡಿ. ಬಾಗಿದ್ದರೆ ಮೊದಲ ಅಂಚನ್ನು ಮತ್ತೆ ನೇರ ಮಾಡಿಕೊಂಡು, ಆಮೇಲೆ ಕೊನೆಯ ಕಟ್. ಒಂದು ಮಿಲಿಮೀಟರ್ ಮಾತ್ರ ಸವರಲು ಹೋಗಬೇಡಿ, ತೆಳು ಬ್ಲೇಡ್ ಒಂದೇ ಪಕ್ಕಕ್ಕೆ ತಳ್ಳಿಸಿಕೊಂಡು ಬಾಗುತ್ತದೆ. ಎರಡೂ ಕಡೆ ಮರ ಇದ್ದರೆ ಅದು ನೆಟ್ಟಗೆ ಓಡುತ್ತದೆ.

ತಳ್ಳುವಾಗ ಒಂದೇ ವೇಗ, ನಡುವೆ ನಿಲ್ಲಿಸಬಾರದು. ಕೈ ಬದಲಿಸಲು ಅರೆ ಕ್ಷಣ ನಿಂತರೂ ಅಲ್ಲೊಂದು ಕಪ್ಪು ಬಿಲ್ಲು ಮೂಡುತ್ತದೆ. ಅದಕ್ಕೇ ತಳ್ಳುಕೋಲನ್ನು ಮೊದಲೇ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಮೋಟರ್ ಸದ್ದು ಸ್ವಲ್ಪ ಇಳಿಯಬೇಕು, ನರಳಬಾರದು. ಏನೂ ಇಳಿಯದೆ ಗುಂಯ್ ಅನ್ನುತ್ತಲೇ ಇದ್ದರೆ ನೀವು ತುಂಬಾ ನಿಧಾನ.

ಜೋಡಿಸುವ ವಿಷಯದಲ್ಲಿ ಬಡಗಿಗಳ ಒಂದು ಉಪಾಯ ಇದೆ, ನನಗೆ ತುಂಬಾ ಇಷ್ಟ. ಬ್ಲೇಡ್ ಮೂಲೆಮಟ್ಟಕ್ಕೆ ಸರಿಯಾಗಿ 90 ಡಿಗ್ರಿ ಇದೆ ಅನ್ನಿಸಿದರೂ ಕಾಲು ಡಿಗ್ರಿ ಆಚೀಚೆ ಇರಬಹುದು. ಐದಾರು ಹಲಗೆ ಸೇರಿದಾಗ ಮೇಜು ದೋಣಿಯ ಹಾಗೆ ಬಾಗುವುದು ಅದರಿಂದ. ಹಲಗೆಗಳನ್ನು ಮೊದಲು ಹೇಗೆ ಜೋಡಿಸಬೇಕೋ ಹಾಗೆ ಹರಡಿ. ಪ್ರತಿ ಬೆಸುಗೆಯಲ್ಲೂ ಒಂದು ಅಂಚನ್ನು ಚೆಂದದ ಮುಖ ಮೇಲಿಟ್ಟು ಸೀಳಿ, ಅದಕ್ಕೆ ಕೂಡುವ ಅಂಚನ್ನು ಚೆಂದದ ಮುಖ ಕೆಳಗಿಟ್ಟು ಸೀಳಿ. ಆಗ ಒಂದರ ವಾಲು ಇನ್ನೊಂದರ ವಾಲನ್ನು ನುಂಗಿಹಾಕುತ್ತದೆ. ಸೀಮೆಸುಣ್ಣದಲ್ಲಿ ‘ಮೇಲೆ’, ‘ಕೆಳಗೆ’ ಅಂತ ಅಂಚಿನ ಪಕ್ಕದಲ್ಲೇ ಬರೆದಿಡಿ, ಇಲ್ಲದಿದ್ದರೆ ಮೂರನೇ ಹಲಗೆಗೆ ಗೊಂದಲ ಶುರುವಾಗುತ್ತದೆ.

ತೇಗವಾದ್ದರಿಂದ ಇನ್ನೆರಡು ಮಾತು. ಅದರಲ್ಲಿ ಎಣ್ಣೆ ಇದೆ. ಸೀಳಿ ವಾರ ಬಿಟ್ಟರೆ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ. ಕೊನೆಯ ಕಟ್ ಮಾಡಿದ ದಿನವೇ ಅಂಟಿಸಿ. ಅಂಟು ಹಾಕುವ ಸ್ವಲ್ಪ ಮುಂಚೆ ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಅಂಚು ಒರೆಸಿ, ಬಟ್ಟೆ ಹಳದಿಯಾಗುವುದು ನಿಮಗೇ ಕಾಣುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಮತ್ತೆ ತೇಗದಲ್ಲಿ ಮರಳಿನಂಥ ಸಿಲಿಕಾ ಇರುತ್ತದೆ, ಬ್ಲೇಡ್ ಬೇಗ ಮೊಂಡಾಗುತ್ತದೆ. ಅದಕ್ಕೆ ಮತ್ತೆ ಸಾಣೆ ಹಿಡಿಸಬಹುದಾದ, ಹಲ್ಲಿನ ತುಣುಕು ದಪ್ಪ ಇರುವ ಟಿಸಿಟಿ, ಅಂದರೆ ಹಲ್ಲಿಗೆ ಟಂಗ್‌ಸ್ಟನ್ ಕಾರ್ಬೈಡ್ ತುಣುಕು ಕೂರಿಸಿದ, ಬ್ಲೇಡನ್ನೇ ಆರಿಸಿ. ತುಣುಕು ತೆಳು ಇರುವ ಅಗ್ಗದ ಬ್ಲೇಡಿಗೆ ಸಾಣೆ ಹಿಡಿಸಿದ ದುಡ್ಡು ದಂಡ.

ಹೊಸ ಬ್ಲೇಡ್ ಬಂದ ಮೇಲೆ ಮೇಜಿನ ಹಲಗೆಯನ್ನು ಮುಟ್ಟುವ ಮುಂಚೆ, ಅದೇ ಮರದ ಎರಡಡಿ ಉದ್ದದ ತುಂಡನ್ನು ನಡುವೆ ಸೀಳಿ, ಸೀಳಿದ ಎರಡು ಅಂಚನ್ನು ಕ್ಲಾಂಪ್ ಇಲ್ಲದೆ ಕೈಯಲ್ಲೇ ಸೇರಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಬೆಳಕು ಎಲ್ಲೂ ತೂರದಿದ್ದರೆ ಅವತ್ತೇ ಮೇಜು ಶುರು ಮಾಡಿ. ತೂರಿದರೆ ಎಲ್ಲಿ ತೂರುತ್ತಿದೆ ಅಂತ ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.