ಹಳೇ ಸಾಬ್ 9-5 ಏರೋ: ಮೀಟರ್ ಬಿಡಿ, ಆಯಿಲ್ ಬಿಲ್ ಕೇಳಿ

ನಿಮ್ಮ ಪ್ರಶ್ನೆ ಓದಿದೆ. ಗೋಥೆನ್‌ಬರ್ಗ್‌ಗೆ ಬಂದು ಒಂದು ವರ್ಷವಾಯಿತು, ಸ್ವೀಡನ್ನಿನ ಸಾಬ್ ಕಂಪನಿಯ 2003ರ 9-5 ಏರೋ ಸೆಡಾನ್ (9-5ರಲ್ಲೇ ಹೆಚ್ಚು ಶಕ್ತಿಯ ಟರ್ಬೊ ಮಾಡೆಲ್) ಕಣ್ಣಿಗೆ ಬಿದ್ದಿದೆ, ಮ್ಯಾನ್ಯುಯಲ್ ಗೇರು, ಜಾಹೀರಾತಿನಲ್ಲಿ 21,400 'ಮಿಲ್' ಅಂತ ಇದೆ, ಕಂಪನಿಯೇ ಮುಚ್ಚಿಹೋಗಿರುವಾಗ ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಒಬ್ಬರು "ಅದು ಜರ್ಮನಿಯ ಓಪೆಲ್‌ಗೆ ಬೇರೆ ಅಂಗಿ ತೊಡಿಸಿದ್ದು ಅಷ್ಟೇ" ಅಂದಿದ್ದಾರೆ. ಇನ್ನೊಬ್ಬರು "ಹಳೇ ಟರ್ಬೊ ಅಂದ್ರೆ ದುಡ್ಡು ತಿನ್ನೋ ಭೂತ, ದೂರ ಇರಿ" ಅಂದಿದ್ದಾರೆ. (ಟರ್ಬೊ ಅಂದರೆ ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗಿ ಒಳಗೆ ಜಾಸ್ತಿ ಗಾಳಿ ತುಂಬುವ ಪಂಪು.) ನನ್ನ ಹತ್ತಿರ ಇದೇ ಕಾರಿನ 2002ರ ಮಾಡೆಲ್ ಆರು ವರ್ಷದಿಂದ ಇದೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಚಹಾ ಹಿಡಿದು ಓದಿ.

ಮೊದಲು ಆ 'ಮಿಲ್' ವಿಷಯ. ನಾನು ಬಂದ ಹೊಸದರಲ್ಲಿ ಅದನ್ನು ಮೈಲಿ ಅಂದುಕೊಂಡು ತಪ್ಪು ಲೆಕ್ಕ ಹಾಕುತ್ತಿದ್ದೆ. ಸ್ವೀಡನ್ನಿನಲ್ಲಿ ಒಂದು ಮಿಲ್ ಅಂದರೆ 10 ಕಿಲೋಮೀಟರ್. ನೀವು ನೋಡಿರುವ ಕಾರು 2,14,000 ಕಿ.ಮೀ. ಓಡಿದೆ. ಊರಲ್ಲಾದರೆ ಇಷ್ಟು ಕೇಳಿದ ಕೂಡಲೇ ಕೈ ಮುಗಿದು ವಾಪಸ್ ಬರುತ್ತೇವೆ. ಈ ಎಂಜಿನ್ನಿಗೆ ಇದು ನಡುವಯಸ್ಸು. ಚೆನ್ನಾಗಿ ನೋಡಿಕೊಂಡು 3 ಲಕ್ಷ ಓಡಿಸಿದ್ದನ್ನು ನಾನು ಕಣ್ಣು ಮುಚ್ಚಿ ತಗೊಳ್ಳುತ್ತೇನೆ. ಅಸಡ್ಡೆಯಿಂದ ಒಂದೂವರೆ ಲಕ್ಷ ಓಡಿಸಿದ್ದು ಪುಕ್ಕಟೆ ಕೊಟ್ಟರೂ ಬೇಡ. ಈ ಕಾರಿನ ಜಾತಕ ಇರುವುದು ಮೀಟರ್‌ನಲ್ಲಲ್ಲ, ಆಯಿಲ್ ಬದಲಿಸಿದ ಬಿಲ್ಲುಗಳಲ್ಲಿ.

ಯಾಕೆ ಅಂತ ಹೇಳುತ್ತೇನೆ. 9-5 ಬಂದ ಮೊದಲ ವರ್ಷಗಳಿಂದ 2003ರವರೆಗಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ನುಗಳಿಗೆ ಒಂದು ಕಾಯಿಲೆ ಇದೆ. ಆಯಿಲ್ ಸುಟ್ಟು ಗಟ್ಟಿಯಾಗಿ ಕೆಸರಾಗುತ್ತದೆ. ನೀವು ನೋಡಿರುವುದು ಆ ಸಾಲಿನ ಕೊನೆಯದು. ಕಾರಣ ಒಂದಲ್ಲ, ಮೂರು ನಾಲ್ಕು ಸೇರಿಕೊಂಡಿವೆ. ಹೊಗೆ ಶುದ್ಧ ಮಾಡುವ ಸುಡುಸುಡು ಕೆಟಾಲಿಟಿಕ್ ಕನ್ವರ್ಟರ್, ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆಗೆ, ಅಂದರೆ ಆಯಿಲ್ ಪ್ಯಾನಿಗೆ, ಅಂಟಿಕೊಂಡಂತೆ ಕೂತಿದೆ, ಅದರ ಕಾವು ನೇರ ಆಯಿಲ್‌ಗೆ ತಗಲುತ್ತದೆ. ಎಂಜಿನ್ ಒಳಗಿನ ಹಬೆ ಹೊರಹೋಗುವ ಪೈಪುಗಳ ವ್ಯವಸ್ಥೆ ಶುರುವಿನಲ್ಲಿ ಸರಿಯಿರಲಿಲ್ಲ. ತುಂಬುವ ಆಯಿಲ್ ಸುಮಾರು 4 ಲೀಟರ್ ಅಷ್ಟೇ. ಇದರ ಮೇಲೆ 20,000 ಕಿ.ಮೀ.ಗೊಮ್ಮೆ ಬದಲಿಸಿದರೆ ಸಾಕು ಎಂಬ ಸರ್ವಿಸ್ ಪುಸ್ತಕ. ಚಳಿಗಾಲದಲ್ಲಿ ಮನೆಯಿಂದ ಅಂಗಡಿಗೆ 3 ಕಿ.ಮೀ. ಓಡಿಸುವ ಕಾರಾದರೆ ಕೇಳುವುದೇ ಬೇಡ.

ನಾನು ತಗೊಂಡ ಮೇಲೆ ನನ್ನ ಕಾರಿನ ಪ್ಯಾನು ಇಳಿಸಿದೆ. ಎಕ್ಸಾಸ್ಟ್‌ನ ಮುಂದಿನ ಭಾಗ ಬಿಚ್ಚಬೇಕು, ಬೋಲ್ಟು ತುಕ್ಕು ಹಿಡಿದಿರುತ್ತದೆ, ಒಂದು ಶನಿವಾರ ಪೂರ್ತಿ ಹೋಯಿತು. ಪ್ಯಾನಿನ ತಳದಲ್ಲಿ ಕಾಫಿ ಚರಟದಂಥ ಕರಿ ಹರಳುಗಳು. ಬೆರಳಲ್ಲಿ ತಿಕ್ಕಿದರೆ ಪುಡಿಯಾಗುವುದಿಲ್ಲ, ಮರಳಿನ ಹಾಗೆ ಕೊರೆಯುತ್ತದೆ. ಆಯಿಲ್ ಎಳೆದುಕೊಳ್ಳುವ ಜಾಲರಿಯಲ್ಲಿ ಅರ್ಧದಷ್ಟು ಕಣ್ಣುಗಳು ಮುಚ್ಚಿಹೋಗಿದ್ದವು. ಮೇಲಿನಿಂದ ನೋಡಿದರೆ ಎಂಜಿನ್ ಚಿನ್ನದ ಹಾಗೆ ಓಡುತ್ತಿತ್ತು! ಮಾರಿದವರು ಒಳ್ಳೆಯವರೇ, ಅವರಿಗೂ ಗೊತ್ತಿರಲಿಲ್ಲ. ಇನ್ನೊಂದು ವರ್ಷ ಹಾಗೇ ಬಿಟ್ಟಿದ್ದರೆ ಮೊದಲು ಟರ್ಬೊ, ಆಮೇಲೆ ಬೇರಿಂಗು ಹೋಗುತ್ತಿತ್ತು. ಜಾಲರಿ ತೊಳೆದೆ, ಅದರ ಪೈಪಿಗೆ ಹೊಸ ರಬ್ಬರ್ ರಿಂಗು ಹಾಕಿದೆ, ಹಬೆ ಪೈಪುಗಳ ಹೊಸ ಕಿಟ್ ಹಾಕಿದೆ. ಅದನ್ನು ಸಾಬ್ ಬಳಗದಲ್ಲಿ ಆರನೇ ನಂಬರ್ ಕಿಟ್ ಅಂತಾರೆ. 2004ರ ಮಾಡೆಲ್‌ನಿಂದ ಕಾರಿಗೆ ಹಾಕಿಯೇ ಬಂದದ್ದು ಇದೇ ಸುಧಾರಣೆ. ಅಂದಿನಿಂದ ಪೂರ್ತಿ ಸಿಂಥೆಟಿಕ್ 5ಡಬ್ಲ್ಯೂ-40 ಆಯಿಲ್, 8,000 ಕಿ.ಮೀ.ಗೊಮ್ಮೆ. ಎರಡು ವರ್ಷ ಬಿಟ್ಟು ಮತ್ತೆ ಪ್ಯಾನು ಇಳಿಸಿದಾಗ ತಳ ಸ್ವಚ್ಛ ಇತ್ತು.

ಆದ್ದರಿಂದ ಮಾರುವವರಿಗೆ ನಿಮ್ಮ ಮೊದಲ ಪ್ರಶ್ನೆ ಇದೇ ಇರಲಿ: ಪ್ಯಾನು ಯಾವಾಗ ಇಳಿಸಿದ್ದು, ಕಿಟ್ ಹಾಕಿದೆಯಾ, ಬಿಲ್ಲು ತೋರಿಸಿ. ಬಿಲ್ಲಿದ್ದರೆ ಅರ್ಧ ಗೆದ್ದಿರಿ. ಇಲ್ಲದಿದ್ದರೆ ಆ ಕೆಲಸದ ಖರ್ಚನ್ನು ಬೆಲೆಯಲ್ಲಿ ಕಡಿಸಿ, ತಗೊಂಡ ವಾರದಲ್ಲೇ ಮಾಡಿಸಿ. ಆಯಿಲ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡುವುದು ಸುಲಭ, ಕಂದು ಬಣ್ಣ ಪರವಾಗಿಲ್ಲ, ಗಟ್ಟಿ ಕರಿ ಪದರ ಕಂಡರೆ ಬೇಡ. ಆದರೆ ಮೇಲೆ ಚೆಂದ ಕಂಡಿತು ಅಂತ ತಳವೂ ಚೆಂದ ಅಂದುಕೊಳ್ಳಬೇಡಿ. ನನ್ನದು ಮೇಲೆ ಫಳಫಳ ಅನ್ನುತ್ತಿತ್ತು.

ಇನ್ನು ಓಪೆಲ್ ಅಂಗಿಯ ಮಾತು. ಅರ್ಧ ನಿಜ. 1989ರ ಕೊನೆಗೆ, ಆಗ ಓಪೆಲ್ ಒಡೆತನ ಇದ್ದ ಅಮೆರಿಕದ ಜನರಲ್ ಮೋಟಾರ್ಸ್ (ಜಿಎಂ) ಸಾಬ್ ಕಾರು ವಿಭಾಗದ ಅರ್ಧ ಪಾಲಿಗೆ ಒಪ್ಪಂದ ಮಾಡಿಕೊಂಡಿತು, 2000ದಲ್ಲಿ ಉಳಿದರ್ಧವನ್ನೂ ಕೊಂಡಿತು. 1997ರಲ್ಲಿ ಬಂದ 9-5ರ ಅಡಿಪಾಯ ಓಪೆಲ್ ವೆಕ್ಟ್ರಾದ್ದೇ, ಹಿಗ್ಗಿಸಿ ಬದಲಿಸಿದ್ದು. ಆದರೆ ನಿಮ್ಮ ಏರೋದ 2.3 ಲೀಟರ್ ಎಂಜಿನ್ ಓಪೆಲ್‌ನದಲ್ಲ. ಸಾಬ್‌ನ ಸ್ವಂತದ್ದು, ಸ್ವೀಡನ್ನಿನ ಸೋಡರ್ಟೇಲಿಯಾದಲ್ಲಿ ಕಟ್ಟಿದ್ದು. ಅದರ ವಂಶ ಹುಡುಕುತ್ತಾ ಹೋದರೆ 1960ರ ದಶಕದ ಕೊನೆಯಲ್ಲಿ ಸಾಬ್ 99ಕ್ಕೆ ಹಾಕಿದ ಬ್ರಿಟನ್ನಿನ ಟ್ರಯಂಫ್ ಎಂಜಿನ್ ಸಿಗುತ್ತದೆ. ಮುತ್ತಜ್ಜ ಇಂಗ್ಲಿಷಿನವನು, ಮನೆತನ ಸ್ವೀಡನ್ನಿನದು.

ಸಾಬ್ ಹುಟ್ಟಿದ್ದೇ ಕಾರಿಗಾಗಿ ಅಲ್ಲ ಅನ್ನುವುದು ನಿಮಗೆ ಗೊತ್ತಿರಬಹುದು. 1937ರಲ್ಲಿ ಟ್ರೋಲ್‌ಹೆಟ್ಟನ್‌ನಲ್ಲಿ ಶುರುವಾದದ್ದು ಯುದ್ಧವಿಮಾನ ಕಟ್ಟಲು. ಯಲಹಂಕದ ಏರ್ ಶೋನಲ್ಲಿ ಗ್ರಿಪೆನ್ ಹಾರಿದ್ದು ನೋಡಿದ್ದೀರಲ್ವಾ, ಅದು ಮಾಡುವ ಸಾಬ್ ಕಂಪನಿ ಇಂದಿಗೂ ಗಟ್ಟಿಯಾಗಿದೆ. ಮುಳುಗಿದ್ದು ಅದರಿಂದ ಬೇರೆಯಾದ ಕಾರು ಕಂಪನಿ ಮಾತ್ರ. ಯುದ್ಧ ಮುಗಿದ ಮೇಲೆ ವಿಮಾನದ ಬೇಡಿಕೆ ಇಳಿಯುತ್ತದೆ ಅಂತ ಹೆದರಿ ಕಾರಿಗೆ ಕೈ ಹಾಕಿದರು. ಎಂಜಿನಿಯರ್ ಗುನ್ನಾರ್ ಯುಂಗ್‌ಸ್ಟ್ರೋಮ್, ರೂಪ ಕೊಟ್ಟವರು ಸಿಕ್ಸ್‌ಟೆನ್ ಸಾಸೋನ್. 1949ರ ಕೊನೆಗೆ ಸಾಬ್ 92 ಹೊರಬಂತು. ವಿಮಾನದ ರೆಕ್ಕೆಯನ್ನು ಅಡ್ಡ ಸೀಳಿದ ಹಾಗೆ ಕಾಣುತ್ತದೆ. ಮುಂದಿನ ಚಕ್ರಕ್ಕೆ ಶಕ್ತಿ, ಎರಡು ಸಿಲಿಂಡರಿನ ಟೂ ಸ್ಟ್ರೋಕ್, ಬರೀ 25 ಅಶ್ವಶಕ್ತಿ. ಮೊದಲ ಕಾರುಗಳೆಲ್ಲ ಹಸಿರು ಬಣ್ಣದವು. ಅದರ ಮೊದಲ ಮಾದರಿ ಟ್ರೋಲ್‌ಹೆಟ್ಟನ್ ಮ್ಯೂಸಿಯಂನಲ್ಲಿದೆ, ನಿಮ್ಮಲ್ಲಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ. ಕಾರು ತಗೊಳ್ಳಿ ಬಿಡಿ, ಮ್ಯೂಸಿಯಂಗೆ ಹೋಗಿ ಬನ್ನಿ.

ಟರ್ಬೊ ಬಂದದ್ದು ಶೋಕಿಗಲ್ಲ, ಬಡತನಕ್ಕೆ. ಆರು ಎಂಟು ಸಿಲಿಂಡರಿನ ಹೊಸ ಎಂಜಿನ್ ಮಾಡುವಷ್ಟು ದುಡ್ಡು ಸಾಬ್ ಹತ್ತಿರ ಇರಲಿಲ್ಲ. 1969ರಲ್ಲಿ ಸ್ಕ್ಯಾನಿಯಾ ಲಾರಿ ಕಂಪನಿಯ ಜೊತೆ ಸೇರಿದ್ದರಿಂದ ಟರ್ಬೊದ ಅನುಭವ ಮನೆಯಲ್ಲೇ ಸಿಕ್ಕಿತು. 1977ರಲ್ಲಿ ಫ್ರಾಂಕ್‌ಫರ್ಟ್ ಶೋನಲ್ಲಿ 99 ಟರ್ಬೊ ತೋರಿಸಿದರು, 2 ಲೀಟರಿಗೆ 145 ಅಶ್ವಶಕ್ತಿ. ಅದಕ್ಕೂ ಮುಂಚೆ ಬೇರೆಯವರೂ ಟರ್ಬೊ ಕಾರು ಮಾಡಿದ್ದರು. ಆದರೆ ಅವು ಓಟದ ಕುದುರೆಗಳು, ಎಂಜಿನ್ ಕಿರುಚಿದಾಗ ಮಾತ್ರ ಎಳೆಯುತ್ತಿದ್ದವು. ಪೆರ್ ಗಿಲ್‌ಬ್ರಾಂಡ್ ಮತ್ತು ಜೊತೆಗಾರರು ಚಿಕ್ಕ ಟರ್ಬೊ ಹಾಕಿ, ಒತ್ತಡ ಜಾಸ್ತಿಯಾದರೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು ಇಟ್ಟು, ದಿನಾ ಓಡಿಸುವ ವೇಗದಲ್ಲೇ ಎಳೆತ ಸಿಗುವ ಹಾಗೆ ಮಾಡಿದರು. ಗಿಲ್‌ಬ್ರಾಂಡ್‌ಗೆ 'ಟರ್ಬೊ ಪೆಲ್ಲೆ' ಅಂತಲೇ ಹೆಸರು ಬಿತ್ತು. 1980ರ ದಶಕದ ಶುರುವಿನಲ್ಲಿ ಎಪಿಸಿ ಎಂಬ ನಿಯಂತ್ರಣ ವ್ಯವಸ್ಥೆ ಬಂತು. ಎಂಜಿನ್ ಕುಟ್ಟುವ ಸದ್ದನ್ನು ಒಂದು ಸೆನ್ಸರ್ ಆಲಿಸುತ್ತದೆ, ಕುಟ್ಟಿದರೆ ಟರ್ಬೊ ಒತ್ತಡ ಇಳಿಸುತ್ತದೆ. ನಿಮ್ಮ ಕಾರಿನ ಎಂಜಿನ್ ನಡೆಸುವ ಕಂಪ್ಯೂಟರ್ ವ್ಯವಸ್ಥೆ, ಟ್ರಯೋನಿಕ್, ಅದರ ಮೊಮ್ಮಗ. ಅದಕ್ಕೆ ಬೇರೆ ಕಿವಿಯೇ ಬೇಡ, ಸ್ಪಾರ್ಕ್ ಪ್ಲಗ್ಗಿನಿಂದಲೇ ಸಿಲಿಂಡರ್ ಒಳಗೆ ಏನಾಗುತ್ತಿದೆ ಅಂತ ಅಳೆಯುತ್ತದೆ.

ಈ ಕಥೆ ಹೇಳಿದ್ದು ಸುಮ್ನೆ ಅಲ್ಲ. ಪ್ಲಗ್ಗೇ ಸೆನ್ಸರ್ ಆದ್ದರಿಂದ ಕೈಪಿಡಿಯಲ್ಲಿ ಹೇಳಿದ ಪ್ಲಗ್ಗನ್ನೇ ಹಾಕಬೇಕು, 'ಇದೂ ಆಗುತ್ತೆ' ಅಂತ ಅಂಗಡಿಯವರು ಕೊಟ್ಟದ್ದಲ್ಲ. ಪ್ಲಗ್ಗುಗಳ ಮೇಲೆ ಕೂತು ಅವಕ್ಕೆ ಕಿಡಿಯ ಕರೆಂಟು ಕೊಡುವ ಕರಿ ಡಬ್ಬಿಗೆ ಡಿಐ ಕ್ಯಾಸೆಟ್ ಅಂತ ಹೆಸರು. ನಾಲ್ಕು ಸಿಲಿಂಡರಿಗೂ ಅದೊಂದೇ. ಅದು ಸತ್ತರೆ ಕಾರು ನಿಂತಲ್ಲೇ ನಿಲ್ಲುತ್ತದೆ. ನನ್ನದು ಫೆಬ್ರವರಿಯ ಒಂದು ರಾತ್ರಿ ಹೆದ್ದಾರಿ ಪಕ್ಕದಲ್ಲಿ ಕೈಕೊಟ್ಟಿತು, ಹೊರಗೆ ಮೈನಸ್ 11, ಹಿಂದಿನ ಸೀಟಿನಲ್ಲಿ ಮಗಳು. ಅದಕ್ಕೆ ಮುಂಚೆ ಎರಡು ವಾರ ಚಳಿಯಲ್ಲಿ ಸ್ಟಾರ್ಟ್ ಆಗಲು ತಡವರಿಸುತ್ತಿತ್ತು, ಎಳೆಯುವಾಗ ಒಮ್ಮೊಮ್ಮೆ ಬಿಕ್ಕುತ್ತಿತ್ತು. ನಾನು ಪೆಟ್ರೋಲ್ ಮೇಲೆ ತಪ್ಪು ಹೊರಿಸಿದ್ದೆ. ಈಗ ಡಿಕ್ಕಿಯಲ್ಲಿ ಒಂದು ಸ್ಪೇರ್ ಕ್ಯಾಸೆಟ್ ಮತ್ತು ಟಾರ್ಕ್ಸ್ ಸ್ಕ್ರೂಡ್ರೈವರ್ ಸದಾ ಇರುತ್ತದೆ. ನಾಲ್ಕು ಸ್ಕ್ರೂ, ಹತ್ತು ನಿಮಿಷದ ಕೆಲಸ. ಅಗ್ಗದ ನಕಲಿ ತಗೊಳ್ಳಬೇಡಿ, ಅದು ಮೂರು ತಿಂಗಳಿನ ಅತಿಥಿ.

ಉಳಿದವು ಬೇಗ ಬೇಗ ಹೇಳಿಬಿಡುತ್ತೇನೆ. ಬಿಸಿಯಾದ ಮೇಲೆ ತಾನಾಗಿ ಆಫ್ ಆಗಿ, ತಣ್ಣಗಾದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆದರೆ ಕ್ರ್ಯಾಂಕ್ ಸೆನ್ಸರ್ ನೋಡಿಸಿ, ಚಿಕ್ಕ ಖರ್ಚು. ಟೈಮಿಂಗ್‌ಗೆ ಚೈನ್ ಇದೆ, ಬೆಲ್ಟ್ ಬದಲಿಸುವ ಚಿಂತೆ ಇಲ್ಲ. ಡ್ಯಾಶ್‌ಬೋರ್ಡಿನ ಡಿಸ್‌ಪ್ಲೇಯಲ್ಲಿ ಅರ್ಧ ಅಕ್ಷರ ಮಾಯವಾಗಿರುತ್ತವೆ. ಅದು ಎಲ್ಲ ಹಳೇ ಸಾಬ್‌ಗಳಿಗೂ ಇದ್ದದ್ದೇ, ಚೌಕಾಸಿಗೆ ಬಳಸಿಕೊಳ್ಳಿ. ನಿಜವಾಗಿ ಹೆದರಬೇಕಾದ್ದು ರಸ್ತೆಗೆ ಸುರಿಯುವ ಉಪ್ಪಿಗೆ. ಬ್ರೇಕ್ ಪೈಪು, ಜ್ಯಾಕ್ ಇಡುವ ಜಾಗ, ಮುಂದಿನ ಸಬ್‌ಫ್ರೇಮ್, ಮುರಿದ ಸ್ಪ್ರಿಂಗು, ಇವನ್ನು ಕಾರು ಎತ್ತಿಸಿ ನೋಡಿ. ಇಷ್ಟು ಹಳೇ ಕಾರಿಗೆ 14 ತಿಂಗಳೊಳಗೆ ಒಮ್ಮೆ ಇಲ್ಲಿನ ಕಡ್ಡಾಯ ವಾಹನ ತಪಾಸಣೆ, ಅಂದರೆ ಬೆಸಿಕ್ಟ್‌ನಿಂಗ್ ಆಗಲೇಬೇಕು. ಕಳೆದ ಎರಡು ಮೂರು ವರದಿ ಕೇಳಿ ಪಡೆಯಿರಿ. ಎಂಜಿನ್ ಸುಧಾರಿಸಬಹುದು, ತುಕ್ಕಿಗೆ ಮದ್ದಿಲ್ಲ.

ಬಿಡಿಭಾಗದ ಬಗ್ಗೆ ನಿಮಗೆ ಜಾಸ್ತಿ ಭಯ ಇದೆ ಅಂತ ಕಾಣುತ್ತದೆ. ಕಂಪನಿ ಮುಳುಗಿದ ಕಥೆ ಬೇಸರದ್ದು. 2010ರಲ್ಲಿ ಜಿಎಂ ಅದನ್ನು ಸ್ಪೈಕರ್ ಎಂಬ ಪುಟ್ಟ ಡಚ್ ಕಂಪನಿಗೆ ಮಾರಿತು. ಆನೆಯನ್ನು ಕುರಿ ಹಟ್ಟಿಯಲ್ಲಿ ಕಟ್ಟಿದ ಹಾಗೆ. 2011ರಲ್ಲಿ ಪೂರೈಕೆದಾರರಿಗೆ ದುಡ್ಡು ಕೊಡಲಾಗದೆ ಕಾರ್ಖಾನೆ ನಿಂತಿತು. ಚೀನಾದವರು ಕೊಳ್ಳಲು ಬಂದಾಗ ಜಿಎಂ ತನ್ನ ತಂತ್ರಜ್ಞಾನದ ಲೈಸೆನ್ಸ್ ಕೊಡಲು ಒಪ್ಪಲಿಲ್ಲ. ಡಿಸೆಂಬರ್ 19ಕ್ಕೆ ದಿವಾಳಿ. ಆದರೆ ಬಿಡಿಭಾಗದ ಕಂಪನಿ ಬೇರೆಯೇ ಇತ್ತು. ಅದು ಸ್ವೀಡನ್ ಸರ್ಕಾರದ ಕೈಗೆ ಬಂತು, ಓರಿಯೋ ಅಂತ ಹೆಸರು ಬದಲಿಸಿಕೊಂಡು ಭಾಗ ಮಾರುತ್ತಾ ಬಂತು. ಇಷ್ಟು ವರ್ಷದಲ್ಲಿ ಎಂಜಿನ್, ಬ್ರೇಕ್, ಸಸ್ಪೆನ್ಷನ್ ಯಾವುದಕ್ಕೂ ನಾನು ವಾರಕ್ಕಿಂತ ಜಾಸ್ತಿ ಕಾದಿಲ್ಲ. ಸಿಗದೆ ಒದ್ದಾಡಿದ್ದು ಒಳಗಿನ ಪ್ಲಾಸ್ಟಿಕ್ ತುಂಡುಗಳಿಗೆ ಮಾತ್ರ, ಅವಕ್ಕೆ ಗುಜರಿ ಅಂಗಡಿಯೇ ಗತಿ.

ಊರಿಗೆ ವಾಪಸ್ ಹೋಗುವಾಗ ಒಯ್ಯಬಹುದಾ ಅಂತಲೂ ಕೇಳಿದ್ದೀರಿ. ಮರೆತುಬಿಡಿ. ಭಾರತಕ್ಕೆ ತರುವ ಬಳಸಿದ ಕಾರು 3 ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ನಿಮ್ಮದು ಎರಡರಲ್ಲೂ ಫೇಲು. ಅಂದ ಹಾಗೆ, ಊರಲ್ಲಿ ಈಗ ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲಿನ ಬಗ್ಗೆ ಗಲಾಟೆ ನಡೆಯುತ್ತಿದೆಯಲ್ಲ, ಇದೇ 9-5ರ ಬಯೋಪವರ್ ಮಾಡೆಲ್ 2005ರಲ್ಲೇ 85% ಎಥನಾಲ್ ಇರುವ ಇ85ರಲ್ಲಿ ಓಡುತ್ತಿತ್ತು. ಪೆಟ್ರೋಲಿನಲ್ಲಿ 150 ಅಶ್ವಶಕ್ತಿ, ಇ85 ಹಾಕಿದರೆ 180. ಆದರೆ ನಿಮ್ಮ ಏರೋಗೆ ಇ85 ಹಾಕಬೇಡಿ, ಅದು ಬೇರೆ ಕಾರು.

ನೋಡಲು ಹೋಗುವ ದಿನ, 'ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ' ಅಂತ ಮಾರುವವರಿಗೆ ಮೊದಲೇ ಹೇಳಿ. ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಸ್ಟಾರ್ಟ್ ಆದ ಕೂಡಲೇ ಆಯಿಲ್ ದೀಪ ಆರಬೇಕು. ಚೈನ್ ಒಂದೆರಡು ಸೆಕೆಂಡ್ ಕಟಕಟ ಅಂದರೆ ಪರವಾಗಿಲ್ಲ, ನಿಲ್ಲದಿದ್ದರೆ ಬೇಡ. ಅರ್ಧ ಗಂಟೆ ಓಡಿಸಿ ಚೆನ್ನಾಗಿ ಬಿಸಿ ಮಾಡಿ, ಆಮೇಲೆ ಐದು ನಿಮಿಷ ನಿಲ್ಲಿಸಿ ಐಡಲ್‌ನಲ್ಲಿ ಬಿಡಿ. ಆಯಿಲ್ ದೀಪ ಮಿಣುಕಿದರೆ ಧನ್ಯವಾದ ಹೇಳಿ ಮನೆಗೆ ಬನ್ನಿ. ಮತ್ತೆ ಹೊರಡುವಾಗ ಹಿಂದೆ ನೀಲಿ ಹೊಗೆ ಬಂತಾ ಅಂತ ಕನ್ನಡಿಯಲ್ಲಿ ನೋಡಿ. ಖಾಲಿ ರಸ್ತೆಯಲ್ಲಿ ಮೂರನೇ ಗೇರು, 2000 ಆರ್‌ಪಿಎಂ, ಕಾಲು ಪೂರ್ತಿ ಒತ್ತಿ. 250 ಅಶ್ವಶಕ್ತಿ, 350 ನ್ಯೂಟನ್ ಮೀಟರ್ ಎಲ್ಲ ಮುಂದಿನ ಎರಡು ಚಕ್ರಕ್ಕೇ ಹೋಗುತ್ತದೆ, ಸ್ಟೀರಿಂಗ್ ಎರಡೂ ಕೈಯಲ್ಲಿ ಹಿಡಿದಿರಿ. ಎಳೆತ ಒಂದೇ ಸಮ ಬರಬೇಕು, ಬಿಕ್ಕಬಾರದು.

ಕತ್ತಲಾಗಿದ್ದರೆ 'ನೈಟ್ ಪ್ಯಾನೆಲ್' ಗುಂಡಿ ಒತ್ತಿ ನೋಡಿ, ಸ್ಪೀಡೋಮೀಟರ್ ಬಿಟ್ಟು ಉಳಿದ ದೀಪವೆಲ್ಲ ಆರುತ್ತದೆ, ವಿಮಾನದವರ ಬುದ್ಧಿ. ಮುಗಿದ ಮೇಲೆ ಕೀ ತೆಗೆಯಲು ಒದ್ದಾಡಬೇಡಿ. ಕೀ ಇರುವುದು ಎರಡು ಸೀಟಿನ ನಡುವೆ, ಗೇರು ರಿವರ್ಸ್‌ಗೆ ಹಾಕಿದರೆ ಮಾತ್ರ ಹೊರಬರುತ್ತದೆ. ನಾನು ಮೊದಲ ದಿನ ಮಾರಿದವರ ಮುಂದೆಯೇ ಹತ್ತು ನಿಮಿಷ ಎಳೆದಾಡಿದ್ದೆ.