‘ರೋಗವೆಂಬ ತೀರ್ಪು’ ಕಳಿಸಿದವರಿಗೆ

ಆತ್ಮೀಯರೇ,

ಈಗಿರುವ ರೂಪದಲ್ಲಿ ನಿಮ್ಮ ಲೇಖನವನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಪಕ್ಕಕ್ಕಿಡುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಯಾರ ನೋವು ಕಾಯಿಲೆ, ಯಾರದು ಬರೀ ನಾಟಕ ಎಂಬುದನ್ನು ಅಧಿಕಾರ ತೀರ್ಮಾನಿಸುತ್ತದೆ ಎನ್ನುತ್ತೀರಿ. ಒಪ್ಪಿದೆ. ಆದರೆ ಮೊದಲ ಮೂರು ಪುಟಗಳಲ್ಲಿ ‘ವ್ಯವಸ್ಥೆ’, ‘ಪ್ರಭುತ್ವ’ ಬಿಟ್ಟರೆ ಒಂದು ನರಪಿಳ್ಳೆಯೂ ಇಲ್ಲ. ಸರ್ಟಿಫಿಕೇಟಿಗೆ ಸಹಿ ಹಾಕುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು?

ನೀವು ಕೊಟ್ಟ ಒಂದೇ ಉದಾಹರಣೆ 1851ರದ್ದು. ಓಡಿಹೋಗುವ ಗುಲಾಮರಿಗೆ ‘ಡ್ರಾಪಿಟೊಮೇನಿಯಾ’ ಎಂಬ ಮನೋರೋಗ ಹಿಡಿದಿದೆ ಎಂದ ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್. ನಿಜವೇ, ಆದರೆ ಬಳಸಿ ಬಳಸಿ ಸವೆದದ್ದು. ಓದುಗರು ಅವನನ್ನು ನಾಲ್ಕು ಬೈದು, ತಾವು ಬಚಾವಾದೆವು ಅಂದುಕೊಂಡು ಪುಟ ತಿರುಗಿಸುತ್ತಾರೆ.

ಮಿನಮಾಟಾ ನೋಡಿ. ಜಪಾನಿನ ಆ ಕೊಲ್ಲಿಯ ಮೀನು ತಿಂದವರ ಕೈಕಾಲು ಸ್ವಾಧೀನ ತಪ್ಪುತ್ತಿರುವುದು ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. 1959ರಲ್ಲಿ, ಆ ಕೊಲ್ಲಿಗೆ ತ್ಯಾಜ್ಯ ಬಿಡುತ್ತಿದ್ದ ಚಿಸ್ಸೊ ಎಂಬ ರಾಸಾಯನಿಕ ಕಾರ್ಖಾನೆಯದೇ ಆಸ್ಪತ್ರೆಯ ವೈದ್ಯ ಹೊಸೊಕಾವಾ, ಕಾರ್ಖಾನೆಯ ತ್ಯಾಜ್ಯನೀರು ಬೆರೆಸಿದ ಆಹಾರವನ್ನು ಬೆಕ್ಕೊಂದಕ್ಕೆ ತಿನ್ನಿಸಿದರು. ಬೆಕ್ಕಿಗೂ ಅದೇ ಕಾಯಿಲೆ ಬಂತು. ಕಂಪನಿ ಆ ಫಲಿತಾಂಶವನ್ನು ಹೊರಗೆ ಬಿಡಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಕಾಯಿಲೆಯವರಿಗೆ ‘ಸಹಾನುಭೂತಿ ಹಣ’ ಕೊಟ್ಟು ಒಪ್ಪಂದ ಮಾಡಿಕೊಂಡಿತು: ಮುಂದೆ ಕಾರ್ಖಾನೆಯೇ ಕಾರಣವೆಂದು ಸಾಬೀತಾದರೂ ಇನ್ನು ಪರಿಹಾರ ಕೇಳಕೂಡದು. ಆ ಷರತ್ತನ್ನು ಒಮ್ಮೆ ನಿಧಾನವಾಗಿ ಓದಿ. ನೀವು ಮೂರು ಪುಟದಲ್ಲಿ ಹೇಳಲು ಒದ್ದಾಡಿದ್ದು ಅದೊಂದು ಸಾಲಿನಲ್ಲಿದೆ. ಕಾರ್ಖಾನೆಯ ಪಾದರಸವೇ ಕಾರಣವೆಂದು ಸರ್ಕಾರ ಒಪ್ಪಲು 1968 ಆಯಿತು. 1977ರಲ್ಲಿ ಇನ್ನೊಂದು ನಿಯಮ ಬಂತು: ರೋಗಿಯೆಂದು ಗುರುತಿಸಲು ಕೈಕಾಲು ಮರಗಟ್ಟಿದ್ದಷ್ಟೇ ಸಾಲದು, ಜೊತೆಗೆ ಬೇರೆ ಲಕ್ಷಣವೂ ಇರಬೇಕು. ಒಂದೇ ಲಕ್ಷಣವಿದ್ದವರನ್ನೂ ರೋಗಿಯೆಂದು ಗುರುತಿಸಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ.

‘ರೋಗವೆಂಬುದೇ ಅಧಿಕಾರದ ಸೃಷ್ಟಿ’ ಎಂಬ ನಿಮ್ಮ ಸಾಲಿಗೆ ನನ್ನ ತಕರಾರು ಇರುವುದೂ ಇಲ್ಲೇ. ಯಾವ ಸಮಿತಿಯೂ ಕೂರುವ ಮೊದಲೇ ಪಾದರಸ ಅವರ ನರಗಳೊಳಗೆ ಇಳಿದಿತ್ತು. ಅಧಿಕಾರ ಮಾಡಿದ್ದು ಅದನ್ನು ಲೆಕ್ಕಕ್ಕೆ ಸೇರಿಸುವ, ಬಿಡುವ ಕೆಲಸ. ನಿಮ್ಮ ವಾಕ್ಯವನ್ನು ಹಾಗೇ ಬಿಟ್ಟರೆ ಕಂಪನಿಯ ವಕೀಲರಿಗೂ ಅದು ಇಷ್ಟವಾದೀತು.

ಇನ್ನು ನಾಲ್ಕನೇ ಪುಟ. ಬೆನ್ನುನೋವಿಗೆ ರಜೆ ಕೇಳುವ ಹೆಂಗಸಿಗೆ ಸೂಪರ್‌ವೈಸರ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ‘ಇದರಲ್ಲಿ ಏನೂ ಇಲ್ಲವಲ್ಲಮ್ಮ’ ಎನ್ನುತ್ತಾನೆ. ಲೇಖನದಲ್ಲಿ ಜೀವ ಇರುವುದು ಇಲ್ಲಿ. ಅವನಿಗೆ ಎಕ್ಸ್‌ರೇ ಓದಲು ಬರುತ್ತದೆಯೇ? ಬಾರದಿದ್ದರೂ ಹಿಡಿದು ನೋಡುವ ಧೈರ್ಯ ಎಲ್ಲಿಂದ ಬಂತು? ನೀವು ಕೇಳದೆ ಮುಂದಕ್ಕೆ ಓಡಿದ್ದೀರಿ. ಅಮೆರಿಕದ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿ ಕಾರ್ಮಿಕರಿಗೂ ಇದೇ ಉತ್ತರ ಸಿಗುತ್ತಿತ್ತು: ಉಸಿರು ಕಟ್ಟುತ್ತಿದ್ದರೂ ಚಿತ್ರದಲ್ಲಿ ಕಾಣದಿದ್ದರೆ ಕಾಯಿಲೆಯಿಲ್ಲ. ಡೊನಾಲ್ಡ್ ರಾಸ್‌ಮುಸೆನ್ ಎಂಬ ವೈದ್ಯರು ಅವರಿಗೆ ವ್ಯಾಯಾಮ ಮಾಡಿಸಿ ರಕ್ತದ ಆಮ್ಲಜನಕ ಅಳೆದರು. ಕೊರತೆ ಅಲ್ಲಿ ಕಂಡಿತು. 1969ರಲ್ಲಿ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದ ಮೇಲೆ ಪರಿಹಾರದ ಕಾನೂನು ಬಂತು. ಅಂದರೆ ರೋಗಿಗಳ ಕೈಯಲ್ಲೂ ಬಲವಿದೆ, ವೈದ್ಯರೆಲ್ಲ ಒಂದೇ ಕಡೆಯವರಲ್ಲ. ನಿಮ್ಮ ಲೇಖನದಲ್ಲಿ ಇವೆರಡಕ್ಕೂ ಜಾಗವಿಲ್ಲ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾಕ್ಯಗಳನ್ನು ತುಂಡು ಮಾಡಿ, ಅಷ್ಟೇ.

ಮೊದಲ ಮೂರು ಪುಟ ತೆಗೆದುಹಾಕಿ, ಆ ಹೆಂಗಸಿನಿಂದಲೇ ಶುರುಮಾಡಿ. ಅವಳಿಗೆ ರಜೆ ಸಿಕ್ಕಿತೋ ಇಲ್ಲವೋ ಎಂಬುದನ್ನೂ ನೀವು ಬರೆದಿಲ್ಲ. ಅದನ್ನು ತಿಳಿದುಕೊಂಡು ಬರೆದು ಕಳಿಸಿ, ಓದುತ್ತೇನೆ.

ಇಂತಿ,
ಸಂಪಾದಕ