ಆ ಸುಳ್ಳನ್ನು ನೀವು ಬರೆಯಬೇಡಿ

ಪ್ರಶ್ನೆ: ನಾನು ಮಾನಸಿಕ ರೋಗಿಗಳ ಖಾಸಗಿ ಪುನರ್ವಸತಿ ಕೇಂದ್ರವೊಂದರಲ್ಲಿ ಸ್ಟಾಫ್ ನರ್ಸ್. ಸ್ಕಿಜೋಫ್ರೇನಿಯಾ ಇರುವ ಒಬ್ಬರು ‘ಊಟದಲ್ಲಿ ವಿಷ ಹಾಕಿದ್ದೀಯ’ ಎಂದು ನನ್ನ ಕೆನ್ನೆಗೆ ಹೊಡೆದರು. ಬುದ್ಧಿ ಬರಲಿ ಎಂದು ಸೀನಿಯರ್‌ಗಳು ಅವರನ್ನು ರಾತ್ರಿಯಿಡೀ ಮಂಚಕ್ಕೆ ಕಟ್ಟಿದರು. ಡಾಕ್ಟರ್ ಹೇಳಿದ್ದಕ್ಕೇ ಕಟ್ಟಿದ್ದು ಎಂದು ಕೇಸ್‌ಶೀಟ್‌ನಲ್ಲಿ ಬರೆ ಎನ್ನುತ್ತಿದ್ದಾರೆ. ಮನೆಯಲ್ಲಿ ಕೆಲಸವೇ ಬೇಡ, ಬಿಡು ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲಿಗೆ, ಅದನ್ನು ಬರೆಯಬೇಡಿ. ಮಿಕ್ಕಿದ್ದೆಲ್ಲ ಆಮೇಲೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಸೆಕ್ಷನ್ ಓದಿ. ಆ ಕ್ಷಣಕ್ಕೆ ಯಾರಿಗಾದರೂ ಅಪಾಯವಿದ್ದು, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಕಟ್ಟಬಹುದು. ಅದೂ ಮನೋವೈದ್ಯರ ಒಪ್ಪಿಗೆಯಿಂದ, ಬೇಕಾದಷ್ಟೇ ಹೊತ್ತು. ಶಿಕ್ಷೆಗಾಗಿ ಕಟ್ಟುವಂತಿಲ್ಲ. ಸಿಬ್ಬಂದಿ ಕಮ್ಮಿ ಅನ್ನುವ ನೆಪವೂ ನಡೆಯಲ್ಲ. ನೀವು ಕಂಡದ್ದನ್ನು ಕಂಡ ಹಾಗೆ ಬರೆಯಿರಿ: ಹೊಡೆದದ್ದು ಎಷ್ಟು ಗಂಟೆಗೆ, ಕಟ್ಟಿದ್ದು ಎಷ್ಟಕ್ಕೆ, ಯಾರು ಹೇಳಿದರು, ಬಿಚ್ಚಿದ್ದು ಯಾವಾಗ. ಆಮೇಲೆ ಡಾಕ್ಟರ್‌ಗೆ ನೇರವಾಗಿ ತಿಳಿಸಿ. ತಮ್ಮ ಹೆಸರಲ್ಲಿ ಇಂಥದ್ದು ನಡೆದಿದೆ ಅಂತ ಅವರಿಗೆ ಗೊತ್ತೇ ಇರಲಿಕ್ಕಿಲ್ಲ. ಅಲ್ಲೂ ಕೇಳದಿದ್ದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ದೂರು ಕೊಡಿ.

ನಿಮಗೆ ಬಿದ್ದ ಏಟೂ ಸಣ್ಣದಲ್ಲ. ‘ಈ ಕೆಲಸದಲ್ಲಿ ಇದೆಲ್ಲ ಮಾಮೂಲು’ ಅನ್ನುವವರ ಮಾತು ನನಗಂತೂ ಹಿಡಿಸಲ್ಲ. ಆದರೆ ಅನ್ನದಲ್ಲಿ ವಿಷ ಇದೆ ಅಂತ ಅವರಿಗೆ ನಿಜಕ್ಕೂ ಅನಿಸಿರುತ್ತದೆ. ‘ಏನೂ ಇಲ್ಲ, ಸುಮ್ನೆ ತಿನ್ನಿ’ ಅಂತ ವಾದಕ್ಕಿಳಿದರೆ ವಿಷ ಹಾಕುವವರ ಗುಂಪಿಗೆ ನೀವೂ ಸೇರಿದಂತೆ! ಹೌದು ಅನ್ನುವುದೂ ಬೇಡ. ‘ಭಯ ಆಗ್ತಿದೆ ಅಲ್ವಾ? ನೀವೇ ಬಡಿಸ್ಕೊಳ್ಳಿ’ ಎಂದು ತಟ್ಟೆ ಕೊಟ್ಟು ಎರಡು ಹೆಜ್ಜೆ ಹಿಂದೆ ನಿಲ್ಲಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಹೊರಹೋಗುವ ದಾರಿ ಅವರಿಗೂ ಇರಬೇಕು, ನಿಮಗೂ ಇರಬೇಕು.

ಇನ್ನೊಂದು ಕೇಳುತ್ತೇನೆ. ಅವತ್ತು ಅವರು ಕೂತಲ್ಲಿ ಕೂರಲಾಗದೆ ಶತಪಥ ಹಾಕುತ್ತಿದ್ದರಾ? ಕಾಯಿಲೆ ಜಾಸ್ತಿಯಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೆಲವೊಮ್ಮೆ ಅದು ಮಾತ್ರೆಯ ಅಡ್ಡಪರಿಣಾಮ. ಅದನ್ನು ಅಕಥೀಸಿಯಾ ಅನ್ನುತ್ತಾರೆ. ಡಾಕ್ಟರ್ ಡೋಸ್ ಇಳಿಸಿದರೆ ಅಥವಾ ಮಾತ್ರೆ ಬದಲಿಸಿದರೆ ಎಷ್ಟೋ ಸಲ ಕಮ್ಮಿಯಾಗುತ್ತದೆ. ರೌಂಡ್ಸ್‌ಗೆ ಬಂದು ಹೋಗುವವರಿಗಿಂತ ಮೊದಲು ಅದು ಕಾಣುವುದು ನಿಮಗೇ.

ಕೆಲಸ ಬಿಡುವುದಾ? ದೂರು ಹೇಳಿದ ಮೇಲೆ ಏನಾಗುತ್ತದೆ ನೋಡಿ. ಕಟ್ಟುವುದು ನಿಂತು, ಪಾಳಿಗೆ ಇನ್ನೊಬ್ಬರನ್ನು ಹಾಕಿದರೆ ಇರಿ. ಬರೆ, ಬರೆ ಅಂತಲೇ ಪೀಡಿಸಿದರೆ ಆ ಜಾಗ ಬಿಡಿ, ಈ ವೃತ್ತಿ ಬಿಡಬೇಕಿಲ್ಲ. ಮನೆಯವರಿಗೂ ಇದನ್ನೇ ಹೇಳಿ. ಅಲ್ಲಿಯವರೆಗೆ ನಿದ್ದೆ ಬಾರದೆ ಒದ್ದಾಡುವ ಹಾಗಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನರ್ಸ್‌ಗಳು ಮಾಡಬಾರದು ಅಂತೇನಿಲ್ಲ.